ಮುಂಬೈನಂಥ ದುಡ್ಡಿರುವ ಊರಿನಲ್ಲೂ ಮಕ್ಕಳು ಫುಟ್‌ಪಾತ್ ಮೇಲೆ ಮಲಗುವುದೇಕೆ?

ಆ ಮಕ್ಕಳ ಪರವಾಗಿ ಪಟ್ಟು ಹಿಡಿದು ಕೇಳುವವರು ಕಡಿಮೆ. ನನಗೆ ಕಾಣುವ ದೊಡ್ಡ ಕಾರಣ ಇದೇ. ಮುಂಬೈ ಪಾಲಿಕೆಯ 2025-26ರ ಬಜೆಟ್ 74 ಸಾವಿರ ಕೋಟಿ ರೂಪಾಯಿ ದಾಟಿದೆ. ನಗರದ ಪ್ರತಿ 1 ಲಕ್ಷ ಜನಕ್ಕೆ ಒಂದು ಆಶ್ರಯ ಮನೆ ಇರಬೇಕು ಅನ್ನುವ ನಿಯಮವೂ ಇದೆ. 2011ರ ಜನಗಣತಿಯಲ್ಲೇ ಇಲ್ಲಿ 1.24 ಕೋಟಿ ಜನ. ಅಂದ್ರೆ 120ಕ್ಕೂ ಜಾಸ್ತಿ ಬೇಕು. ಇರುವುದು ಅದರ ಹತ್ತಿರಕ್ಕೂ ಬರುವುದಿಲ್ಲ.

ಇವರೆಲ್ಲ ಮನೆ ಬಿಟ್ಟು ಓಡಿಬಂದವರು ಅಂದುಕೊಳ್ಳುತ್ತೇವೆ, ಅಲ್ವಾ? ತುಂಬ ಮಕ್ಕಳು ಅಪ್ಪ ಅಮ್ಮನ ಜೊತೆಗೇ ಇರುತ್ತಾರೆ. ಮಾಟುಂಗಾದಲ್ಲಿ ಬೆಳಿಗ್ಗೆ ಹೂವು ತರಲು ಹೋದಾಗ ನೋಡಿದ್ದೇನೆ. ನೀಲಿ ತಾಡಪಾಲಿನ ಕೆಳಗೆ, ಯೂನಿಫಾರ್ಮ್ ಹಾಕಿದ ಹುಡುಗಿಗೆ ಅಮ್ಮ ಜಡೆ ಹೆಣೆಯುತ್ತಿದ್ದಳು. ಪಾಟಿಚೀಲ ಕಂಬಿಗೆ ನೇತಾಡುತ್ತಿತ್ತು. ತೆರವು ಮಾಡುವ ಗಾಡಿ ಬಂದರೆ ಆ ಚೀಲವೂ ಹೋಗುತ್ತದೆ. ವಿಳಾಸ ಇಲ್ಲದವರ ಹೆಸರು ವೋಟರ್ ಲಿಸ್ಟಿಗೆ ಸೇರುವುದು ಕಷ್ಟ. ಮಕ್ಕಳಿಗಂತೂ ವೋಟೇ ಇಲ್ಲ. ಅದಕ್ಕೇ ಇವರ ಪರವಾಗಿ ಕೇಳುವವರು ಕಡಿಮೆ.

ಮನಸ್ಸು ಮಾಡಿದರೆ ಆಗುತ್ತದೆ. ಹೋಟೆಲ್ ಹುಡುಗರಿಗಾಗಿ ನಮ್ಮವರು ಇದೇ ಊರಿನಲ್ಲಿ ಕನ್ನಡ ರಾತ್ರಿ ಶಾಲೆ ನಡೆಸಿದರು. ಕಷ್ಟದಲ್ಲಿರುವ ಮಕ್ಕಳಿಗಾಗಿ ಇರುವ 1098 ಸಹಾಯವಾಣಿ ಶುರುವಾಗಿದ್ದೂ ಇಲ್ಲೇ, 1996ರಲ್ಲಿ. ಒಂಟಿ ಮಗು ಕಂಡರೆ ಸುಮ್ನೆ ಹೋಗಬೇಡಿ. ಆ ನಂಬರಿಗೆ ಫೋನ್ ಮಾಡಿ, ಅವರು ಬರುವವರೆಗೂ ಮಗುವಿನ ಹತ್ತಿರವೇ ಇರಿ.