ಬ್ರಿಟನ್ನಿಗೆ ಪತ್ರಿಕೋದ್ಯಮ ಓದಲು ಹೊರಟಿರುವ ನಿಮಗೆ

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ: ಇಲ್ಲಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಪತ್ರಿಕೋದ್ಯಮವನ್ನು ಆರಿಸಿಕೊಳ್ಳಬೇಕೇ ಅಥವಾ ಮಾಧ್ಯಮ ಮತ್ತು ಸಂವಹನವನ್ನೇ, ನಿಮ್ಮ ಇಂಗ್ಲಿಷ್ ಸಾಕಾದೀತೇ, ಓದುತ್ತಲೇ ಪತ್ರಿಕೆಗಳಿಗೆ ಬರೆದು ಖರ್ಚು ತೂಗಿಸಬಹುದೇ. ಇದೇ ಓದಿಗೆಂದು ಬಂದು ಇಲ್ಲಿಯೇ ನೆಲೆ ನಿಂತವನಾದ್ದರಿಂದ, ಹಣ ಕಟ್ಟುವ ಮುನ್ನವೇ ನೀವು ಇದನ್ನು ಕೇಳಿದ್ದು ನನಗೆ ಸಮಾಧಾನ ತಂದಿದೆ.

ಹೆಸರಿನಲ್ಲಿ ಅಕ್ಕಪಕ್ಕದವುಗಳಂತೆ ಕಂಡರೂ ಈ ಎರಡು ಓದುಗಳು ಬೇರೆ ಬೇರೆ. ಮಾಧ್ಯಮ ಮತ್ತು ಸಂವಹನದಲ್ಲಿ ಮಾಧ್ಯಮಗಳ ಒಡೆತನ, ಓದುಗ ಮತ್ತು ವೀಕ್ಷಕರ ಅಧ್ಯಯನ, ಸಂಶೋಧನಾ ವಿಧಾನ ಹಾಗೂ ಕೊನೆಗೊಂದು ಪ್ರಬಂಧ ಇರುತ್ತವೆ. ಸಂಶೋಧನೆಗೋ ಸಾರ್ವಜನಿಕ ಸಂಪರ್ಕದ ಕೆಲಸಕ್ಕೋ ಹೋಗಬಯಸುವವರಿಗೆ ಅದು ಒಳ್ಳೆಯ ಓದು. ವರದಿಗಾರರಾಗುವ ಆಸೆ ನಿಮ್ಮದಾದರೆ ಪತ್ರಿಕೋದ್ಯಮವನ್ನೇ ತೆಗೆದುಕೊಳ್ಳಿ. ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ 1970ರಲ್ಲಿಯೇ ಆರಂಭವಾದ ಈ ಬಗೆಯ ತರಬೇತಿ ಈಗ ಹಲವೆಡೆ ದೊರೆಯುತ್ತದೆಯಾದರೂ, ನೀವು ಆರಿಸುವ ಕೋರ್ಸಿಗೆ ಎನ್‌ಸಿಟಿಜೆ, ಅಂದರೆ 1951ರಿಂದ ಪತ್ರಕರ್ತರ ತರಬೇತಿಯ ಮಟ್ಟವನ್ನು ನೋಡಿಕೊಳ್ಳುತ್ತಿರುವ ಮಂಡಳಿಯ ಮಾನ್ಯತೆ ಇದೆಯೇ ಎಂಬುದನ್ನು ವಿಶ್ವವಿದ್ಯಾಲಯದ ಕೈಪಿಡಿಯಲ್ಲಲ್ಲ, ಆ ಮಂಡಳಿಯ ಪಟ್ಟಿಯಲ್ಲಿಯೇ ನೋಡಿ. ಪ್ರಾದೇಶಿಕ ಪತ್ರಿಕೆಗಳ ಸಂಪಾದಕರು ಕೆಲಸಕ್ಕೆ ಕರೆಯುವಾಗ ಹೆಚ್ಚಾಗಿ ಕೇಳುವುದು ಆ ಮಂಡಳಿ ಕೊಡುವ ಡಿಪ್ಲೊಮಾವನ್ನು.

ಇನ್ನು ಇಂಗ್ಲಿಷ್. ಪ್ರವೇಶ ಸಿಕ್ಕಿದೆಯೆಂದರೆ ನಿಮ್ಮ ಭಾಷೆ ಸಾಕು. ತೊಡಕಾಗುವುದು ಈ ಸಮಾಜದ ಒಳಗಿನ ತಿಳಿವಳಿಕೆ. ಇಲ್ಲಿನವರಿಗೆ ಬಾಲ್ಯದಿಂದಲೇ ಗೊತ್ತಿರುವುದನ್ನು ನಾವು ಕೆಲವೇ ವಾರಗಳಲ್ಲಿ ಕಲಿಯಬೇಕಾಗುತ್ತದೆ.

ಮೊದಲ ಅವಧಿಯಲ್ಲಿ ನಮ್ಮನ್ನು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಕಳುಹಿಸಿದ್ದರು. ಕಪ್ಪು ನಿಲುವಂಗಿಯ ನ್ಯಾಯಾಧೀಶರನ್ನು ನಿರೀಕ್ಷಿಸಿದ್ದ ನನಗೆ ಪೀಠದಲ್ಲಿ ಕಂಡವರು ಮಾಮೂಲಿ ಉಡುಪಿನ ಮೂವರು. ಅವರು ಸಂಬಳವಿಲ್ಲದೆ ಈ ಸೇವೆ ಮಾಡುವ ಸಾಮಾನ್ಯ ನಾಗರಿಕರೆಂದೂ, ಕಾನೂನಿನ ಅಂಶಗಳನ್ನು ತಿಳಿಸಲು ಅವರ ಮುಂದೆ ಕಾನೂನು ಸಲಹೆಗಾರರೊಬ್ಬರು ಕೂರುತ್ತಾರೆಂದೂ ನನಗೆ ಅಂದು ತಿಳಿದಿರಲಿಲ್ಲ. ಅಲ್ಲಿ ಛಾಯಾಚಿತ್ರ ತೆಗೆಯುವುದನ್ನು 1925ರ ಕಾಯ್ದೆಯೂ, ಅನುಮತಿಯಿಲ್ಲದ ಧ್ವನಿಮುದ್ರಣವನ್ನು 1981ರ ನ್ಯಾಯಾಂಗ ನಿಂದನೆ ಕಾಯ್ದೆಯೂ ನಿಷೇಧಿಸಿರುವುದರಿಂದ ಮಾತನ್ನು ಹಿಡಿಯಲು ಉಳಿಯುವುದು ಬರವಣಿಗೆಯೊಂದೇ. ಟೀಲೈನ್ ಎಂಬ ಶೀಘ್ರಲಿಪಿಯಲ್ಲಿ ನಿಮಿಷಕ್ಕೆ 100 ಪದ ಬರೆಯಬೇಕೆಂಬ ಗುರಿಯ ಅರ್ಧವನ್ನೂ ನಾನಿನ್ನೂ ಮುಟ್ಟಿರಲಿಲ್ಲ. ಆರೋಪಿ ತನ್ನ ಹೆಸರು, ಹುಟ್ಟಿದ ದಿನಾಂಕ, ವಿಳಾಸಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಬೀದಿಯ ಹೆಸರನ್ನು ನಾನು ಕಿವಿಗೆ ಬಿದ್ದಂತೆ ಗೀಚಿಕೊಂಡೆ. ಮಧ್ಯಾಹ್ನ ವರದಿ ತಿದ್ದುತ್ತಿದ್ದ ಅಧ್ಯಾಪಕರು ಆ ಒಂದು ಪದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, "ನೀವು ಬರೆದ ಬೀದಿಯಲ್ಲಿ ಇದೇ ಹೆಸರಿನ ಇನ್ನೊಬ್ಬರು ವಾಸವಾಗಿದ್ದರೆ?" ಎಂದು ಕೇಳಿದರು. ವಯಸ್ಸು, ವಿಳಾಸಗಳನ್ನು ಇಲ್ಲಿನ ವರದಿಯಲ್ಲಿ ಕೊಡುವುದೇಕೆಂದು ಆ ಕ್ಷಣ ನನಗೆ ಅರ್ಥವಾಯಿತು: ನಿರಪರಾಧಿಯೊಬ್ಬರ ಮೇಲೆ ಅಪರಾಧ ಹೊರಿಸಿದಂತಾದರೆ ಅದು ನೇರವಾಗಿ ಮಾನನಷ್ಟ ಮೊಕದ್ದಮೆಗೆ ದಾರಿ.

ನಮ್ಮಲ್ಲಿ ಬಂಧನವಾದ ಸಂಜೆಯೇ ಟಿವಿ ಚರ್ಚೆಗಳಲ್ಲಿ ತೀರ್ಪು ಕೊಟ್ಟುಬಿಡುವುದನ್ನು ನೋಡಿ ಬೆಳೆದ ನಾವು ಇನ್ನೊಂದು ಅಭ್ಯಾಸವನ್ನೂ ಬಿಡಬೇಕಾಗುತ್ತದೆ. ಇಲ್ಲಿ ಬಂಧನವಾಯಿತೆಂದರೆ ಪ್ರಕರಣ ಜೀವಂತವಾಯಿತೆಂದೇ ಲೆಕ್ಕ. ಅಲ್ಲಿಂದ ಮುಂದೆ ವಿಚಾರಣೆಗೆ ಗಂಭೀರ ಧಕ್ಕೆ ತರುವ ಅಪಾಯವಿರುವ ಏನನ್ನೇ ಪ್ರಕಟಿಸಿದರೂ, ಉದ್ದೇಶ ಒಳ್ಳೆಯದಿತ್ತೆಂಬ ಸಮಜಾಯಿಷಿ ನಡೆಯುವುದಿಲ್ಲ. ಈ ಶಿಸ್ತು ನನ್ನ ಬರವಣಿಗೆಗೆ ಕೊಟ್ಟಷ್ಟು ಬಲವನ್ನು ಬೇರಾವ ಪಾಠವೂ ಕೊಡಲಿಲ್ಲ.

ಮೂರನೆಯ ಪ್ರಶ್ನೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವಿದ್ಯಾರ್ಥಿ ವೀಸಾದಲ್ಲಿರುವ ಪದವಿ ವಿದ್ಯಾರ್ಥಿಗಳು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಆದರೆ ಸ್ವಂತ ಉದ್ಯೋಗ ಮಾಡುವಂತಿಲ್ಲ. ಲೇಖನವೊಂದಕ್ಕೆ ಬಿಲ್ಲು ಕಳುಹಿಸಿ ಹಣ ಪಡೆಯುವ ಫ್ರೀಲಾನ್ಸ್ ಬರವಣಿಗೆ ಸ್ವಂತ ಉದ್ಯೋಗವೇ ಆಗುತ್ತದೆ. ಅಂಗಡಿಯ ಕೆಲಸಕ್ಕೆ ಅಡ್ಡಿಯಿಲ್ಲ, ಓದಿದ ವಿದ್ಯೆಯಿಂದ ಹಾಗೆ ನಾಲ್ಕು ಕಾಸು ಸಂಪಾದಿಸಲು ಅಡ್ಡಿಯಿದೆ ಎಂಬುದು ನೋವಿನ ಸಂಗತಿ, ಆದರೂ ನಿಯಮ ನಿಯಮವೇ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯುವ ಬೇಸಿಗೆಯೂ ಸಾಮಾನ್ಯವಾಗಿ ಪಾಠದ ಅವಧಿಯೆಂದೇ ಎಣಿಕೆಯಾಗುವುದರಿಂದ, ಆ ತಿಂಗಳುಗಳಲ್ಲಿ ಪೂರ್ಣಾವಧಿ ದುಡಿಯುವ ಲೆಕ್ಕವನ್ನೂ ಹಾಕಿಕೊಳ್ಳಬೇಡಿ. ಪದವಿ ಮುಗಿದ ಮೇಲೆ ದೊರೆಯುವ ಗ್ರಾಜುಯೇಟ್ ವೀಸಾದಲ್ಲಿ ಫ್ರೀಲಾನ್ಸ್ ಕೆಲಸಕ್ಕೆ ಅವಕಾಶವಿದೆ. ಅದರ ಎರಡು ವರ್ಷದ ಅವಧಿ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ.

ಹೊರಡುವ ಮೊದಲು ಬಿಡುವಿದ್ದರೆ ಟೀಲೈನ್ ಅಕ್ಷರಗಳನ್ನು ಕಲಿಯಲು ಶುರುಮಾಡಿ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಒಂದು ದಿನವೂ ತಪ್ಪಬಾರದು.