ಓದುಗರ ಪ್ರಶ್ನೆ: ಹವಳದ ಗೋಡೆಗೆ ಸಿಮೆಂಟ್ ಬಳಿಯಬಹುದಾ?

ಹೋದ ಸಂಚಿಕೆಯಲ್ಲಿ ಪೂರ್ವ ಆಫ್ರಿಕಾದ ಸ್ವಾಹಿಲಿ ದ್ವೀಪಗಳ ಹಳೇ ಊರುಗಳ ಬಗ್ಗೆ ಬರೆದಿದ್ದೆ. ಕೀನ್ಯಾದ ಲಾಮು, ಪಾಟೆ, ತಾಂಜಾನಿಯಾದ ಜಾಂಜಿಬಾರ್ ಮತ್ತು ಕಿಲ್ವಾ. ಇಷ್ಟು ದೂರದ ವಿಷಯಕ್ಕೆ ನಮ್ಮ ಕಡೆಯಿಂದ ಇಷ್ಟು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಪುಟದಲ್ಲಿ ಹಿಡಿದಷ್ಟಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ನಾನು ಗೌಂಡಿ. ಹವಳದ ಕಲ್ಲಿನ ಮನೆಗಳು ಉದುರುತ್ತಿವೆ ಅಂತ ಬರೆದೀರಿ. ಒಂದು ಕೋಟ್ ಸಿಮೆಂಟ್ ಹೊಡೆದರೆ ಮುಗೀತಲ್ಲ, ಅದಕ್ಯಾಕ್ರಿ ಇಷ್ಟು ಚರ್ಚೆ? (ಶಹಾಬಾದ್)

ಉತ್ತರ: ಮುಗಿಯೋದು ಗೋಡೆಯ ಆಯುಷ್ಯ ರೀ. ಅಲ್ಲಿಯ ಗೋಡೆ ನಿಮ್ಮ ಶಹಾಬಾದ್ ಕಲ್ಲಿನ ಹಾಗಲ್ಲ. ದ್ವೀಪದ ನೆಲ ಅಗೆದರೆ ಸಿಗುವ ಹಳೇ ಹವಳದ ಒರಟು ಕಲ್ಲು ಗೋಡೆಗೆ. ಕೆತ್ತನೆಗೆ ಮಾತ್ರ ಸಮುದ್ರದೊಳಗಿನ ಹವಳ. ಅದು ಹಸಿ ಇದ್ದಾಗ ಮೆತ್ತಗಿರುತ್ತದೆ, ಆಗಲೇ ಕೆತ್ತಬೇಕು, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಸುಣ್ಣವೂ ಹವಳದ್ದೇ. ಕಟ್ಟಿಗೆಯನ್ನು ದುಂಡಗೆ ಒಟ್ಟಿ, ಮೇಲೆ ಹವಳದ ಚೂರು ಹೇರಿ ಸುಡುತ್ತಾರೆ, ಆಮೇಲೆ ಅರಳಲು ಬಿಡುತ್ತಾರೆ. ಇಂಥ ಗೋಡೆ ತೇವವನ್ನು ಎಳೆದುಕೊಳ್ಳುತ್ತದೆ, ಬಿಸಿಲು ಬಿದ್ದಾಗ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಸಮುದ್ರದ ಉಪ್ಪು ಹರಳುಗಟ್ಟಿ ಒಳಗಿನ ಸುಣ್ಣವನ್ನು ಪುಡಿ ಮಾಡುತ್ತದೆ. ಹೊರಗೆ ನುಣುಪು, ಒಳಗೆ ಟೊಳ್ಳು.

ಮಾಳಿಗೆಗೆ ಕಾಂಡ್ಲಾ (ಉಪ್ಪುನೀರಿನ ದಡದಲ್ಲಿ ಬೆಳೆಯುವ ಮ್ಯಾಂಗ್ರೋವ್) ಮರದ ತೊಲೆ ಹಾಕುತ್ತಾರೆ, ಅದಕ್ಕೆ ಬೊರಿಟಿ ಅನ್ನುತ್ತಾರೆ. ಒಂದೊಂದು ತೊಲೆ ಎರಡೂವರೆಯಿಂದ ಮೂರು ಮೀಟರ್ ಆಸುಪಾಸು ದಾಟಿಸಬಹುದು, ಹಾಗಾಗಿ ಕೋಣೆಯ ಅಗಲವೂ ಅಷ್ಟೇ, ಉದ್ದ ಬೇಕಾದರೆ ಎಷ್ಟಾದರೂ ಇರಲಿ. ಗೋಡೆಯೊಳಗೆ ನೀರು ನಿಂತರೆ ಮೊದಲು ಕೊಳೆಯೋದು ಈ ತೊಲೆಯ ತುದಿ, ಅದು ಹೋದರೆ ಮಾಳಿಗೆಯೇ ಕೂತುಬಿಡುತ್ತದೆ.

ದಾಖಲೆ ಮಾಡೋದು ಅಂದರೆ ನನ್ನ ಪ್ರಕಾರ ಇದೇ, ದುರಸ್ತಿಗೆ ಮುಂಚೆ ಯಾವ ಗೋಡೆ ಯಾವುದರಿಂದ ಆಗಿದೆ ಅಂತ ಬರೆದಿಡೋದು. 1970ರ ದಶಕದಲ್ಲಿ ಉಸಾಮ್ ಗೈದಾನ್ ಎಂಬ ವಾಸ್ತುಶಿಲ್ಪಿ ಲಾಮುವಿನ ಹಳೇ ಮನೆಗಳನ್ನು ಅಳೆದು ನಕ್ಷೆ ಮಾಡಿದರು. ದೊಡ್ಡ ಕೆಲಸ. ಆದರೆ ಸುಣ್ಣ ಎಷ್ಟು ಅರಳಬೇಕು, ಗಿಲಾವು ಯಾವಾಗ ತಟ್ಟಬೇಕು ಅನ್ನೋದು ನಕ್ಷೆಯಲ್ಲಿ ಬರೋದಿಲ್ಲ, ಅದು ಕೈಯಲ್ಲಿರುತ್ತದೆ. ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದ್ದು, ಗಚ್ಚಿನ ಕಾಲದ ಕಟ್ಟಡ. ಗಚ್ಚು ಅರೆದು ಗೊತ್ತಿರುವ ಹಿರಿಯರು ನಿಮ್ಮ ಕಸುಬಿನಲ್ಲಿ ಯಾರಾದರೂ ಇದ್ದರೆ ಸುಮ್ನೆ ಹೋಗಿ ಮಾತಾಡಿಸಿ, ಅವರು ಕೆಲಸ ಮಾಡುವಾಗ ಫೋನಿನಲ್ಲಿ ವಿಡಿಯೊ ಮಾಡಿ. ಮುಖ ಬೇಡ, ಕೈ ತೋರಿಸಿ.

ಪ್ರಶ್ನೆ: ಬೀದರಿನ ಹಬ್ಶಿ ಕೋಟ್‌ನ ಗೋರಿಗಳು ಜಾಂಜಿಬಾರ್ ಕಡೆಯವರದ್ದಾ? (ಬೀದರ್)

ಉತ್ತರ: ಅಲ್ಲ. ದಖ್ಖನ್ನಿನ ಹಬ್ಶಿ ಸರದಾರರು ಹೆಚ್ಚಾಗಿ ಇಥಿಯೋಪಿಯಾ ಕಡೆಯವರು. ಸ್ವಾಹಿಲಿ ಕರಾವಳಿಯೇ ಬೇರೆ. ಆಫ್ರಿಕಾ ಅಂದ ಕೂಡಲೇ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟೋದು ಬೇಡ. ನಂಟು ಬೇಕೇ ಬೇಕು ಅಂದರೆ ಬೇರೆ ಕಡೆ ಇದೆ. ಜಾಂಜಿಬಾರಿನ ಕೆತ್ತನೆ ಬಾಗಿಲುಗಳಲ್ಲಿ ಗುಜರಾತಿನ ಛಾಯೆ ಕಾಣುತ್ತದೆ. ಜಾಂಜಿಬಾರಿನ ತಾರಬ್ ಎಂಬ ಸಂಗೀತದ ಹಾಡುಗಾರ್ತಿ ಸಿತಿ ಬಿಂತಿ ಸಾದ್ 1928ರಲ್ಲಿ ಮುಂಬೈಗೆ ಬಂದು ಸ್ವಾಹಿಲಿ ಹಾಡುಗಳ ರೆಕಾರ್ಡ್ ಮಾಡಿಸಿದಳು. ಆ ಗ್ರಾಮಫೋನ್ ತಟ್ಟೆಗಳಿಂದಲೇ ಅವಳ ದನಿ ಇವತ್ತಿಗೂ ಉಳಿದಿದೆ.

ಪ್ರಶ್ನೆ: ನಮ್ಮ ಅಜ್ಜ ಮೊಹರಂನಲ್ಲಿ ರಿವಾಯತ್ ಪದ ಹಾಡುತ್ತಿದ್ದರು. ಅವರ ನೋಟ್‌ಬುಕ್ ಇದೆ, ಹಾಳೆ ಮುರಿಯುತ್ತಿದೆ. ದ್ವೀಪದವರು ಇಂಥದ್ದನ್ನು ಹೇಗೆ ಉಳಿಸಿಕೊಂಡರು? (ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಅಲ್ಲಿಯೂ ಹೆಚ್ಚುಕಡಿಮೆ ಹೀಗೇ ಇತ್ತು. ಸ್ವಾಹಿಲಿ ಪದ್ಯಗಳನ್ನು ಅರಬ್ಬಿ ಲಿಪಿಯಲ್ಲಿ ಬರೆದು ಮನೆಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಪಾಟೆ ದ್ವೀಪದ ಒಂದು ದೊಡ್ಡ ಕಥನಪದ್ಯದ ಕಾಲ 1728. ಅದೇ ದ್ವೀಪದ ಮ್ವಾನಾ ಕುಪೋನಾ ಎಂಬ ಹೆಂಗಸು 1858ರ ಹೊತ್ತಿಗೆ ಕಾಯಿಲೆಯಲ್ಲಿದ್ದಾಗ ಮಗಳಿಗೆ ಬುದ್ಧಿಮಾತಿನ ಪದ್ಯ ಬರೆದಳು. ಅದು ಉಳಿದದ್ದು ಹೆಂಗಸರು ಬಾಯಿಪಾಠ ಮಾಡಿದ್ದರಿಂದ, ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದುಕೊಂಡಿದ್ದರಿಂದ. ಈಗ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನ ಸೋಯಾಸ್ ಎಂಬ ವಿದ್ಯಾಸಂಸ್ಥೆಯಲ್ಲಿ ಸ್ವಾಹಿಲಿ ಹಸ್ತಪ್ರತಿಗಳ ದೊಡ್ಡ ಸಂಗ್ರಹಗಳಿವೆ. ಒಳ್ಳೇದೇ. ಆದರೆ ಪುಟ ಲಂಡನ್ನಿಗೆ ಹೋಗಿ ಮನೆಯಲ್ಲಿ ಏನೂ ಉಳಿಯದಿದ್ದರೆ ಅದನ್ನು ಉಳಿಸಿದ್ದು ಅಂತ ನಾನು ಒಪ್ಪೋದಿಲ್ಲ.

ನಿಮ್ಮ ನೋಟ್‌ಬುಕ್ಕಿಗೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ಅದರ ಅಂಟು ವರ್ಷ ಕಳೆದಂತೆ ಹಳದಿಯಾಗಿ ಹಾಳೆಯನ್ನೇ ತಿನ್ನುತ್ತದೆ. ಕಿಟಕಿ ಬೆಳಕಿನಲ್ಲಿ ಒಂದೊಂದೇ ಪುಟದ ಫೋಟೊ ತೆಗೆಯಿರಿ, ಖಾಲಿ ಪುಟ, ರಟ್ಟು, ಅಂಚಿನಲ್ಲಿ ಬರೆದ ಕಿರಾಣಿ ಲೆಕ್ಕ ಏನನ್ನೂ ಬಿಡಬೇಡಿ. ಯಾವ ಅಂಗಡಿಯ ನೋಟ್‌ಬುಕ್, ಎಣ್ಣೆಗೆ ಎಷ್ಟು ಕೊಟ್ಟರು ಅನ್ನೋದರಿಂದಲೇ ಎಷ್ಟೋ ಸಲ ಬರೆದ ಕಾಲ ಗೊತ್ತಾಗುತ್ತದೆ. ಆದರೆ ಧಾಟಿ ನೋಟ್‌ಬುಕ್ಕಿನಲ್ಲಿ ಇಲ್ಲವಲ್ಲ! ಅಜ್ಜನ ಜೊತೆ ಹಿಮ್ಮೇಳದಲ್ಲಿ ಇದ್ದವರು ಯಾರಾದರೂ ಇದ್ದರೆ ಅವರನ್ನು ಕೂರಿಸಿ ಹಾಡಿಸಿ, ರೆಕಾರ್ಡ್ ಮಾಡಿ. ಶುರುವಿನಲ್ಲೇ ಅವರ ಹೆಸರು, ಊರು, ತಾರೀಖು, ಈ ಪದ ಯಾರಿಂದ ಕಲಿತರು ಅನ್ನೋದನ್ನು ಅವರ ಬಾಯಲ್ಲೇ ಹೇಳಿಸಿ. ಒಂದು ಪ್ರತಿ ಅವರಿಗೂ ಕೊಡಿ. ಯೂಟ್ಯೂಬಿಗೆ ಹಾಕುವ ಮುಂಚೆ ಕೇಳಿ, ಕೆಲವು ಪದಗಳನ್ನು ಆ ದಿನ, ಆ ಜಾಗದಲ್ಲಿ ಮಾತ್ರ ಹಾಡಬೇಕು ಅನ್ನುವವರೂ ಇರುತ್ತಾರೆ. ಬೇಡ ಅಂದರೆ ಬೇಡ.

ಪ್ರಶ್ನೆ: ಯುನೆಸ್ಕೊ ಪಟ್ಟಿಗೆ ಸೇರಿದರೆ ಎಲ್ಲಾ ಸರಿಹೋಗುತ್ತಾ? (ಕಲಬುರಗಿ)

ಉತ್ತರ: ಇಲ್ಲ. ಕಿಲ್ವಾ ಕಿಸಿವಾನಿ, ಸೊಂಗೊ ಮ್ನಾರಾ ಅವಶೇಷಗಳು 1981ರಲ್ಲೇ ಪಟ್ಟಿಗೆ ಸೇರಿದವು, ಆಮೇಲೆ 2004ರಿಂದ 2014ರವರೆಗೆ ಅಪಾಯದ ಪಟ್ಟಿಯಲ್ಲಿದ್ದವು. ಜಾಂಜಿಬಾರಿನ ಸ್ಟೋನ್ ಟೌನ್ 2000ದಲ್ಲಿ ಸೇರಿತು. ಅಲ್ಲಿ ಸುಲ್ತಾನ ಬರ್ಗಾಶ್ 1883ರಲ್ಲಿ ಕಟ್ಟಿಸಿದ ಬೈತ್ ಅಲ್ ಅಜಾಯಿಬ್ ಅರಮನೆಯ ಒಂದು ಭಾಗ 2020ರ ಡಿಸೆಂಬರ್ 25ರಂದು ಕುಸಿಯಿತು. ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಕಲಬುರಗಿ, ಬೀದರ್ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಖಾಯಂ ಆದರೆ ಖುಷಿಯೇ, ಹೆಸರು ಬರುತ್ತದೆ, ಪ್ರವಾಸಿಗರು ಬರುತ್ತಾರೆ. ಮಾಳಿಗೆ ಸೋರೋದನ್ನು ನೋಡೋಕೆ ಮಾತ್ರ ಊರಲ್ಲೇ ಜನ ಬೇಕು, ಮಳೆಗಾಲಕ್ಕೆ ಮುಂಚೆ ಏಣಿ ಹತ್ತಬೇಕು, ಅಲ್ವಾ?

ಪ್ರಶ್ನೆ: ಲಾಮುವಿನ ಓಣಿಗಳಲ್ಲಿ ಕಾರು ಓಡಾಡೋದಿಲ್ಲ ಅಂದಿರಿ. ಮತ್ತೆ ಕಟ್ಟಡದ ಸಾಮಾನು ಯಾರು ಹೊರುತ್ತಾರೆ? (ಹುಮನಾಬಾದ್)

ಉತ್ತರ: ಕತ್ತೆಗಳು. ಕಲ್ಲು, ಮರಳು, ಸುಣ್ಣ ಎಲ್ಲಾ ಅವುಗಳ ಬೆನ್ನ ಮೇಲೆಯೇ. ಅವುಗಳಿಗೆ ಅಲ್ಲೊಂದು ಆಸ್ಪತ್ರೆಯೂ ಇದೆ.