ಕಾನೂನು ಪ್ರಶ್ನೋತ್ತರ: ಬಾಡಿಗೆ ಮನೆಯ ಅಡ್ವಾನ್ಸ್ ಮರಳಿ ಪಡೆಯುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಾಲ್ಕು ವರ್ಷಗಳಿಂದ ಬಾಡಿಗೆಗಿದ್ದೇವೆ. ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ 1,80,000 ರೂಪಾಯಿ. ಮೊದಲ 11 ತಿಂಗಳಿಗೆ ಕರಾರು ಪತ್ರ ಬರೆಸಿದ್ದು ಬಿಟ್ಟರೆ ಮತ್ತೆ ನವೀಕರಿಸಿಲ್ಲ. ಈಗ ಮನೆ ಖಾಲಿ ಮಾಡುವುದಾಗಿ ತಿಳಿಸಿದಾಗ ಮಾಲೀಕರು, ಹೊಸಬರು ಬಂದ ಮೇಲಷ್ಟೇ ಹಣ ಕೊಡುವುದಾಗಿಯೂ, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆಯನ್ನೂ ಮೊಳೆ ಹೊಡೆದ ತೂತುಗಳಿಗೆ ಬೇರೆ ಮೊತ್ತವನ್ನೂ ಹಿಡಿದುಕೊಳ್ಳುವುದಾಗಿಯೂ ಹೇಳುತ್ತಿದ್ದಾರೆ. ಕೊನೆಯ ತಿಂಗಳುಗಳ ಬಾಡಿಗೆ ಕಟ್ಟದೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಎನ್ನಬಹುದೇ?

ಉತ್ತರ: ನಿಮ್ಮ ಕರಾರು ಪತ್ರವನ್ನು ಮೊದಲು ತೆಗೆದು ಓದಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ ಅನ್ವಯಿಸದಿರುವುದರಿಂದ, ನಿಮ್ಮಂಥವರ ವ್ಯವಹಾರವೆಲ್ಲ ಕರಾರು ಪತ್ರದ ಷರತ್ತುಗಳ ಮೇಲೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮೇಲೂ ನಿಂತಿದೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎಂಬ ಮಾತನ್ನು ನೀವು ಕೇಳಿರಬಹುದು. ಅದು ಕೇಂದ್ರ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು; ರಾಜ್ಯವು ತನ್ನ ಕಾನೂನಾಗಿ ಮಾಡಿಕೊಳ್ಳದ ಹೊರತು ಅದನ್ನು ಮಾಲೀಕರ ಮುಂದಿಟ್ಟು ಪ್ರಯೋಜನವಿಲ್ಲ.

ಪತ್ರದ ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಬಂದಿರುವುದರಿಂದ ನಿಮ್ಮದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆಯಾಗುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ ಇದಕ್ಕೆ 15 ದಿನಗಳ ಲಿಖಿತ ನೋಟಿಸ್ ಸಾಕು. ಪತ್ರದಲ್ಲಿ ಎರಡು ತಿಂಗಳೆಂದು ಬರೆದಿದ್ದರೆ ಎರಡು ತಿಂಗಳೇ ಕೊಡುವುದು ಕ್ಷೇಮ. ಇಲ್ಲವಾದರೆ ನೋಟಿಸ್ ಅವಧಿಯ ಬಾಡಿಗೆಯೆಂದು ಅಡ್ವಾನ್ಸ್‌ನಲ್ಲಿ ಕೈಹಾಕಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಪೇಂಟಿಂಗ್ ವಿಚಾರದಲ್ಲಿ ಕಾನೂನಿನ ಸಾಮಾನ್ಯ ನಿಯಮ ನಿಮ್ಮ ಪರವಾಗಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ, ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಹಿಂತಿರುಗಿಸಬೇಕೆಂದು ಹೇಳುವಾಗಲೇ ಸಹಜ ಬಳಕೆಯಿಂದಾದ ಸವೆತವನ್ನು ಹೊರತುಪಡಿಸುತ್ತದೆ. ನಾಲ್ಕು ವರ್ಷದಲ್ಲಿ ಬಣ್ಣ ಮಾಸುವುದು, ಒಲೆಯ ಹಿಂದಿನ ಗೋಡೆ ಹೊಗೆಗೆ ಕಂದುವುದು, ಕ್ಯಾಲೆಂಡರಿಗೆ ಹೊಡೆದ ಒಂದೆರಡು ಮೊಳೆಯ ಗುರುತು, ಇವೆಲ್ಲ ನನ್ನ ಅಭಿಪ್ರಾಯದಲ್ಲಿ ಸಹಜ ಸವೆತವೇ. ಒಡೆದ ವಾಶ್‌ಬೇಸಿನ್, ಕಿತ್ತುಹೋದ ಬಾಗಿಲ ಚಿಲಕ, ಟೈಲ್ಸ್ ಸೀಳುವಂತೆ ಡ್ರಿಲ್ ಮಾಡಿದ್ದು ಹಾಗಲ್ಲ. ಅವುಗಳ ಖರ್ಚು ನಿಮ್ಮದೇ. ಆದರೆ ಆ ಕಲಂ ಅನ್ವಯಿಸುವುದು ಬೇರೆ ಒಪ್ಪಂದವಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಾಗ. "ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆ ಮುರಿದುಕೊಳ್ಳತಕ್ಕದ್ದು" ಎಂಬ ಸಾಲಿಗೆ ನೀವು ಸಹಿ ಹಾಕಿದ್ದರೆ ಆ ಒಂದು ತಿಂಗಳನ್ನು ಬಿಟ್ಟುಬಿಡಿ, ಅದರ ಮೇಲೆ ಮೊಳೆಯ ತೂತಿಗೆ ಇನ್ನೊಂದು ಲೆಕ್ಕವನ್ನು ಮಾತ್ರ ಒಪ್ಪಬೇಡಿ, ಏಕೆಂದರೆ ತೂತು ಮುಚ್ಚುವುದು ಬಣ್ಣದ ಕೆಲಸದಲ್ಲಿಯೇ ಸೇರಿರುತ್ತದೆ. ಇತರ ಕಡಿತಗಳಿಗೆ ಬಿಲ್ ಕೇಳಿ.

"ಹೊಸಬರು ಬಂದ ಮೇಲೆ" ಎಂಬ ಷರತ್ತು ಪತ್ರದಲ್ಲಿಲ್ಲದಿದ್ದರೆ ಅದಕ್ಕೆ ನೀವು ಕಾಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಮಾಲೀಕರು ಹಳಬರ ಅಡ್ವಾನ್ಸ್ ತೀರಿಸುವುದು ಹೊಸಬರ ಅಡ್ವಾನ್ಸ್‌ನಿಂದಲೇ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದ್ದರಿಂದ ಬರಿಯ ಜಗಳಕ್ಕಿಂತ, ಖಾಲಿ ಮಾಡುವ ತಾರೀಖನ್ನು ಬೇಗ ಲಿಖಿತವಾಗಿ ತಿಳಿಸಿ, ಮನೆ ನೋಡಲು ಬರುವವರಿಗೆ ಅವಕಾಶ ಕೊಟ್ಟು, ಬೀಗದ ಕೈಯೂ ಹಣವೂ ಒಂದೇ ಬಾರಿ ಕೈಬದಲಾಗುವಂತೆ ದಿನ ಗೊತ್ತುಮಾಡುವುದು ಹೆಚ್ಚು ಫಲ ಕೊಡುತ್ತದೆ. ಅಂದು ಬೆಸ್ಕಾಂ ಮೀಟರಿನ ರೀಡಿಂಗ್ ಮತ್ತು ನೀರಿನ ಬಾಕಿಯನ್ನು ಇಬ್ಬರೂ ನೋಡಿ ಬರೆದುಕೊಳ್ಳಿ. ಖಾಲಿ ಮನೆಯ ಪ್ರತಿ ಕೋಣೆಯ ವಿಡಿಯೋ ತೆಗೆದುಕೊಳ್ಳಿ. ಹಣ ಆ ದಿನ ಸಿಗದಿದ್ದರೆ, ಇಷ್ಟು ಮೊತ್ತ ಇಂಥ ತಾರೀಖಿಗೆ ಕೊಡಬೇಕಿದೆ ಎಂದು ಅವರ ಕೈಬರಹದಲ್ಲಿ ಸಹಿಸಹಿತ ಪತ್ರವನ್ನೂ, ಸಾಧ್ಯವಾದರೆ ಅದೇ ತಾರೀಖಿನ ಚೆಕ್ಕನ್ನೂ ಪಡೆಯಿರಿ. ಚೆಕ್ ಬೌನ್ಸ್ ಆದರೆ, ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸ್ ಕೊಟ್ಟು, ಅದು ತಲುಪಿ 15 ದಿನಗಳಾದರೂ ಹಣ ಬಾರದಿದ್ದಲ್ಲಿ ನಂತರದ ಒಂದು ತಿಂಗಳಲ್ಲಿ ಕ್ರಿಮಿನಲ್ ದೂರು ದಾಖಲಿಸಬಹುದು.

ಕೊನೆಯ ಬಾಡಿಗೆಗಳನ್ನು ಕಟ್ಟದಿರುವ ಉಪಾಯವನ್ನು ಬಹಳ ಮಂದಿ ಮಾಡುತ್ತಾರೆ, ಮತ್ತು ಅದು ಬಹಳ ಸಲ ನಡೆದೂ ಹೋಗುತ್ತದೆ. ಮಾಲೀಕರು ಒಪ್ಪಿ ಒಂದು ವಾಟ್ಸಾಪ್ ಸಂದೇಶವನ್ನಾದರೂ ಕಳುಹಿಸಿದರೆ ಅಡ್ಡಿಯಿಲ್ಲ. ಒಪ್ಪಿಗೆಯಿಲ್ಲದೆ ನಿಲ್ಲಿಸಿದರೆ ಬಾಕಿದಾರರಾಗುವವರು ನೀವು, ಮುಂದೆ ವ್ಯಾಜ್ಯವಾದಾಗ ಮೊದಲ ಆಕ್ಷೇಪವೂ ಅದೇ ಆಗಿರುತ್ತದೆ.

ಇಷ್ಟಾದರೂ ಹಣ ಬಾರದಿದ್ದರೆ, ಪೊಲೀಸ್ ಠಾಣೆಗೆ ಹೋದಲ್ಲಿ ಸಿವಿಲ್ ವ್ಯಾಜ್ಯವೆಂದು ಹೇಳಿ ಕಳುಹಿಸುವುದೇ ಹೆಚ್ಚು. ವಕೀಲರ ಮೂಲಕ, ಬಡ್ಡಿಯನ್ನೂ ಕೇಳಿ ನೋಟಿಸ್ ಕೊಡಿಸಿ. ಬಳಿಕ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿದರೆ, ಮೊಕದ್ದಮೆಗೆ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಯತ್ನಿಸುತ್ತಾರೆ. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ದಾವೆ ಹೂಡುವುದಾದರೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿಯಿದೆ.

ಪ್ರಶ್ನೆ: 12 ಲಕ್ಷ ರೂಪಾಯಿಗೆ ಮೂರು ವರ್ಷದ ಭೋಗ್ಯಕ್ಕೆ ಮನೆ ಸಿಗುತ್ತಿದೆ. ತಿಂಗಳ ಬಾಡಿಗೆ ಇಲ್ಲ. 500 ರೂಪಾಯಿ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸೋಣ ಎನ್ನುತ್ತಾರೆ ಮಧ್ಯವರ್ತಿ. ಸಾಕೇ?

ಉತ್ತರ: ಸಾಲದು. ಒಂದು ವರ್ಷ ಮೀರಿದ ಗೇಣಿಯನ್ನು, ಅಂದರೆ ಲೀಸ್ ಕರಾರನ್ನು, ನೋಂದಾಯಿಸುವುದು ಕಡ್ಡಾಯ. ಸ್ವಾಧೀನ ಕೊಟ್ಟು ಹಣ ಪಡೆಯುವ ಭೋಗ್ಯವನ್ನು ಅಡಮಾನವೆಂದು ಪರಿಗಣಿಸಿದರೂ, 100 ರೂಪಾಯಿ ಮೇಲ್ಪಟ್ಟ ಅಂಥ ಅಡಮಾನಕ್ಕೆ ನೋಂದಾಯಿತ ಪತ್ರವೇ ಬೇಕು. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ ಕೊರತೆಯ ಶುಲ್ಕದೊಂದಿಗೆ ಅದರ ಹತ್ತು ಪಟ್ಟು ದಂಡ ತೆರಬೇಕಾಗುತ್ತದೆ. ನೋಟರಿಯ ಮೊಹರು ಈ ಯಾವ ಕೊರತೆಯನ್ನೂ ತುಂಬುವುದಿಲ್ಲ.

ಅದಕ್ಕಿಂತ ದೊಡ್ಡ ಅಪಾಯವೆಂದರೆ ಮನೆಯ ಮೇಲಿನ ಬ್ಯಾಂಕ್ ಸಾಲ. ಮಾಲೀಕರು ಕಂತು ಕಟ್ಟದಿದ್ದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು, ನಿಮ್ಮ 12 ಲಕ್ಷಕ್ಕೆ ಮಾಲೀಕರ ಬೆನ್ನು ಹತ್ತಬೇಕಾದವರು ನೀವಾಗುತ್ತೀರಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ ನೋಡಿ. ಹಕ್ಕುಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಪಡೆದ ಸಾಲ ಅದರಲ್ಲಿ ಕಾಣದಿರುವ ಸಾಧ್ಯತೆ ಇರುವುದರಿಂದ, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡದೆ, ಜೆರಾಕ್ಸ್ ನಂಬಿ ಹಣ ಕೊಡಬೇಡಿ. ಹಣ ಹೋಗಬೇಕಾದುದು ಖಾತಾದಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೆ. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಇತರರಿಗೆ ಭೋಗ್ಯಕ್ಕೆ ಕೊಟ್ಟು, ಇಡಿಗಂಟಿನೊಡನೆ ಮರೆಯಾಗುವ ಮಧ್ಯವರ್ತಿಗಳು ಬೆಂಗಳೂರಿನಲ್ಲಿ ಹಲವು ಕುಟುಂಬಗಳನ್ನು ಬೀದಿಗೆ ತಂದಿದ್ದಾರೆ. ನಗದು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ: ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಪ್ರಶ್ನೆ: ನಾವಿರುವ ಮನೆಯನ್ನು ಮಾಲೀಕರು ಮಾರಿದ್ದಾರೆ. ಅಡ್ವಾನ್ಸ್ ಯಾರನ್ನು ಕೇಳಬೇಕು?

ಉತ್ತರ: ಮಾರಾಟದ ಮಾತು ಕಿವಿಗೆ ಬಿದ್ದ ಕೂಡಲೇ ಹಳೆಯ ಮತ್ತು ಹೊಸ ಮಾಲೀಕರಿಬ್ಬರಿಗೂ ಪತ್ರ ಬರೆದು ನಿಮ್ಮ ಅಡ್ವಾನ್ಸ್ ಮೊತ್ತವನ್ನು ತಿಳಿಸಿ. ಹಳಬರು ಆ ಹಣವನ್ನು ಹೊಸಬರಿಗೆ ವರ್ಗಾಯಿಸಿದ್ದಾರೆ, ಹಿಂತಿರುಗಿಸುವ ಹೊಣೆ ಹೊಸಬರದು ಎಂದು ಮೂವರೂ ಸಹಿ ಹಾಕಿದ ಪತ್ರವಾದರೆ ಗೊಂದಲವಿಲ್ಲ. ಮಾರಾಟದ ಸೂಚನೆ ತಲುಪುವ ಮುನ್ನ ಹಳೆಯ ಮಾಲೀಕರಿಗೆ ಕಟ್ಟಿದ ಬಾಡಿಗೆಯನ್ನು ಹೊಸಬರು ಮತ್ತೆ ಕೇಳುವಂತಿಲ್ಲ. ಸೂಚನೆ ಬಂದ ಮೇಲೆ ಮಾತ್ರ, ಕ್ರಯಪತ್ರದ ಪ್ರತಿ ನೋಡಿಕೊಂಡು ಹೊಸಬರ ಖಾತೆಗೇ ಕಟ್ಟಿರಿ.